ಬೆಂಕಿ ಹಚ್ಚಿದ ಹುಲ್ಲು, ಗೊಬ್ಬರ ಹಾಕಿದ ಹುಲ್ಲು

ಇವತ್ತಿನ ವಿಷಯ ಹುಲ್ಲು. ಹುಲ್ಲು ಅಂದ ತಕ್ಷಣ ಸ್ಕಿಪ್ ಮಾಡಬೇಡಿ, ಇದರಲ್ಲಿ ಬೆಂಕಿನೂ ಇದೆ.

ಕಳೆದ ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಎದ್ದು ಫೋನ್ ನೋಡಿದರೆ ನಮ್ಮ ಚಿಕ್ಕಮ್ಮನ ಮಗ ಒಂದು ವಿಡಿಯೋ ಕಳಿಸಿದ್ದ. ಅವನು ಅಮೆರಿಕದ ಕಾನ್ಸಾಸ್ ರಾಜ್ಯದ ಮ್ಯಾನ್‌ಹಟನ್‌ನಲ್ಲಿ ಓದ್ತಾ ಇದಾನೆ. ನ್ಯೂಯಾರ್ಕಿನ ಮ್ಯಾನ್‌ಹಟನ್ ಅಲ್ಲ, ಇದು ಹುಲ್ಲುಗುಡ್ಡಗಳ ಮಧ್ಯೆ ಇರೋ ಸಣ್ಣ ಊರು. ಚಿಕ್ಕಮ್ಮ ಮಾತ್ರ ಇವತ್ತಿಗೂ ಮದುವೆ ಮನೆಗಳಲ್ಲಿ ಬರೀ "ಮ್ಯಾನ್‌ಹಟನ್" ಅಂತ ಹೇಳಿ ಸುಮ್ಮನಾಗ್ತಾರೆ.

ವಿಡಿಯೋದಲ್ಲಿ ಕತ್ತಲು. ಆ ಕತ್ತಲಲ್ಲಿ ಗುಡ್ಡದ ಈ ತುದಿಯಿಂದ ಆ ತುದಿವರೆಗೆ ಬೆಂಕಿಯ ಒಂದು ಗೆರೆ, ನಿಧಾನಕ್ಕೆ ಹರೀತಾ ಇದೆ. ನಾನು ಗಾಬರಿಯಾಗಿ ಫೋನ್ ಮಾಡಿದೆ.

"ಏಯ್, ಫೈರ್ ಎಂಜಿನ್ ಬಂತೇನೋ?"

"ಇಲ್ಲ ಅಕ್ಕ, ಯಾಕೆ ಬರಬೇಕು? ಹಚ್ಚಿದೋರು ಅಲ್ಲೇ ನಿಂತಿದಾರಲ್ಲ."

"ಹಚ್ಚಿದೋರಾ?"

"ಹೂಂ. ಪ್ರತಿ ವರ್ಷ ಹಚ್ತಾರೆ."

ಹೇಳ್ತಾ ಹೇಳ್ತಾ ಅವನು ಕೆಮ್ಮಿದ. ಅವನಿಗೆ ಚಿಕ್ಕಂದಿನಿಂದ ಉಬ್ಬಸ. ಏಪ್ರಿಲ್ ಪೂರ್ತಿ ಜೇಬಲ್ಲಿ ಇನ್‌ಹೇಲರ್ ಇಟ್ಕೊಂಡೇ ಓಡಾಡ್ತಾನಂತೆ. "ಹಾಗಿದ್ರೆ ನಿಲ್ಲಿಸಿ ಅಂತ ಯಾರಾದರೂ ಕಂಪ್ಲೇಂಟ್ ಕೊಡಬಾರದಾ?" ಅಂದೆ. ಅದಕ್ಕೆ ಅವನು ಹೇಳಿದ್ದು ಕೇಳಿ ನನಗೆ ಒಂಥರಾ ಆಯ್ತು: "ನಿಲ್ಲಿಸಿದ್ರೆ ಈ ಹುಲ್ಲುಗಾವಲೇ ಇರಲ್ಲ ಅಕ್ಕ."

ನಾನು ಬಾಟನಿ ಎಂಎಸ್ಸಿ ಮಾಡಿದವಳು. ಆದರೂ ನನ್ನ ತಲೆಯಲ್ಲಿ ಬೆಂಕಿ ಅಂದ್ರೆ ಕೆಟ್ಟದ್ದು, ಗೊಬ್ಬರ ಅಂದ್ರೆ ಒಳ್ಳೇದು ಅಂತ ಗಟ್ಟಿಯಾಗಿ ಕೂತಿತ್ತು. ಆ ಫೋನ್ ಆದಮೇಲೆ ಎರಡು ಮೂರು ವಾರ ರಾತ್ರಿಯೆಲ್ಲ ಇದನ್ನೇ ಓದಿದೆ. ಓದಿದ ಮೇಲೆ ಎರಡೂ ಅಷ್ಟು ಸಲೀಸಲ್ಲ ಅಂತ ಗೊತ್ತಾಯ್ತು. ಅದನ್ನೇ ಇವತ್ತು ನಿಮ್ಮ ಹತ್ರ ಹೇಳ್ತೀನಿ.

ಮೊದಲು ಜಾಗ. ಆ ಗುಡ್ಡಗಳಿಗೆ ಫ್ಲಿಂಟ್ ಹಿಲ್ಸ್ ಅಂತ ಹೆಸರು. ಫ್ಲಿಂಟ್ ಅಂದ್ರೆ ನಮ್ಮ ಚಕಮಕಿ ಕಲ್ಲು. ಒಂದು ಕಾಲಕ್ಕೆ ಅಮೆರಿಕದ ನಡುಭಾಗದ ತುಂಬ ಆಳೆತ್ತರದ ಹುಲ್ಲು ಬೆಳೀತಿತ್ತು, ಅದನ್ನ ಪ್ರೇರಿ ಅಂತಾರೆ. ಆಮೇಲೆ ನೇಗಿಲು ಬಂತು, ಹುಲ್ಲಿದ್ದ ಕಡೆ ಮೆಕ್ಕೆಜೋಳ, ಸೋಯಾ ಬಂತು. ಆಳೆತ್ತರದ ಹುಲ್ಲಿನ ಪ್ರೇರಿಯಲ್ಲಿ ಈಗ ಉಳಿದಿರೋದು ನೂರರಲ್ಲಿ ನಾಲ್ಕು ಪಾಲೂ ಇಲ್ಲ. ಉಳಿದಿರೋದರಲ್ಲಿ ದೊಡ್ಡ ತುಂಡು ಈ ಫ್ಲಿಂಟ್ ಹಿಲ್ಸ್‌ನಲ್ಲೇ ಇದೆ. ಯಾರೋ ಪ್ರೀತಿಯಿಂದ ಕಾಪಾಡಿದರು ಅಂತ ಅಲ್ಲ. ಮಣ್ಣು ತೆಳು, ಕೆಳಗೆ ಕಲ್ಲು, ಅಲ್ಲಿ ನೇಗಿಲು ಇಳೀಲಿಲ್ಲ, ಅಷ್ಟೇ. ಉಳುಮೆ ಆಗದ ನೆಲದಲ್ಲಿ ದನ ಮೇಯಿಸಿದರು.

ಮ್ಯಾನ್‌ಹಟನ್ ಪಕ್ಕದಲ್ಲೇ ಕೋನ್ಜಾ ಪ್ರೇರಿ ಅಂತ ಒಂದು ಸಂಶೋಧನಾ ಕೇಂದ್ರ ಇದೆ. ಸುಮಾರು 3,487 ಹೆಕ್ಟೇರ್, ಅಂದ್ರೆ 8,600 ಎಕರೆ. ಅಲ್ಲಿ ಮಾಡಿರೋದು ಕೇಳೋಕೆ ಸಿಂಪಲ್. ಗುಡ್ಡವನ್ನ ಭಾಗ ಮಾಡಿದಾರೆ. ಒಂದು ಭಾಗಕ್ಕೆ ಪ್ರತಿ ವರ್ಷ ಬೆಂಕಿ, ಇನ್ನೊಂದಕ್ಕೆ ಎರಡು ವರ್ಷಕ್ಕೊಮ್ಮೆ, ಮತ್ತೊಂದಕ್ಕೆ ನಾಲ್ಕು ವರ್ಷಕ್ಕೊಮ್ಮೆ, ಕೆಲವಕ್ಕೆ 20 ವರ್ಷಕ್ಕೊಮ್ಮೆ. ಹೀಗೆ ದಶಕಗಟ್ಟಲೆ ಮಾಡಿಕೊಂಡು ಬಂದಿದಾರೆ. ಮಾಡ್ತಾ, ಯಾವ ಗಿಡ ಬಂತು, ಯಾವುದು ಹೋಯ್ತು ಅಂತ ಬಗ್ಗಿ ಕೂತು ಎಣಿಸಿದಾರೆ.

ಈಗ ಬೆಂಕಿ ಏನು ಮಾಡುತ್ತೆ ನೋಡೋಣ. ಅಲ್ಲಿನ ಮುಖ್ಯ ಹುಲ್ಲಿನ ಹೆಸರು ಬಿಗ್ ಬ್ಲೂಸ್ಟೆಮ್. ಬೇಸಿಗೆಯಲ್ಲಿ ಆಳೆತ್ತರ ಮೀರಿ ಬೆಳೆಯುತ್ತೆ, ಚಳಿಗಾಲಕ್ಕೆ ಮೇಲಿನದೆಲ್ಲ ಒಣಗಿ ನೆಲದ ಮೇಲೆ ಹಾಸಿಕೊಳ್ಳುತ್ತೆ. ಎರಡು ಮೂರು ವರ್ಷದ ಒಣಹುಲ್ಲು ಒಂದರ ಮೇಲೊಂದು ಬಿದ್ದರೆ ಕೆಳಗೆ ಬೆಳಕೇ ಇಲ್ಲ, ನೆಲ ತಣ್ಣಗೆ. ವಸಂತದಲ್ಲಿ ಬೆಂಕಿ ಕೊಟ್ಟರೆ ಆ ಹಾಸು ಹೋಗುತ್ತೆ, ಕಪ್ಪು ನೆಲ ಬಿಸಿಲು ಕುಡಿದು ಬೇಗ ಬಿಸಿಯಾಗುತ್ತೆ. ಹುಲ್ಲಿನ ಚಿಗುರು ಮೊಗ್ಗುಗಳು ಮಣ್ಣಿನ ಒಳಗೆ ಇರೋದರಿಂದ ಅವಕ್ಕೆ ಏನೂ ಆಗಲ್ಲ. ಹುಲ್ಲಿನ ಬೆಂಕಿ ಸರಸರ ಅಂತ ಓಡಿ ಹೋಗುತ್ತೆ, ಶಾಖ ಮಣ್ಣಲ್ಲಿ ಆಳಕ್ಕೆ ಇಳಿಯಲ್ಲ. ಕೆಲವೇ ದಿನದಲ್ಲಿ ಕರಿ ಗುಡ್ಡ ಹಸಿರಾಗಿರುತ್ತೆ. ನಮ್ಮ ಹುಡುಗ ಮೇ ತಿಂಗಳಲ್ಲಿ ಕಳಿಸಿದ ಫೋಟೋ ನೋಡಿದರೆ, ಅದೇ ಗುಡ್ಡ ಅಂತ ನಂಬೋಕೆ ಆಗಲ್ಲ.

ಆದರೆ ಮರ, ಪೊದೆಗಳ ಮೊಗ್ಗು ಮೇಲಿರುತ್ತೆ. ಅವು ಸುಟ್ಟು ಹೋಗ್ತವೆ. ಬೆಂಕಿ ನಿಲ್ಲಿಸಿದ ಕಡೆ ಏನಾಯ್ತು? ಡಾಗ್‌ವುಡ್ ಅನ್ನೋ ಪೊದೆ, ಈಸ್ಟರ್ನ್ ರೆಡ್‌ಸೀಡರ್ ಅನ್ನೋ ಮರ ನುಗ್ಗಿದವು. ಕೋನ್ಜಾದ ಲೆಕ್ಕದ ಪ್ರಕಾರ ಮೂರು ವರ್ಷಕ್ಕೆ ಒಂದು ಸಲವಾದರೂ ಬೆಂಕಿ ಬೇಕು. ನಾಲ್ಕು ವರ್ಷಕ್ಕೊಮ್ಮೆ ಅಂದ್ರೂ ಪೊದೆ ಗೆಲ್ಲುತ್ತೆ. ಒಂದು ಸಲ ಪೊದೆ ದಟ್ಟವಾದರೆ ಅದರ ಕೆಳಗೆ ಹುಲ್ಲೇ ಇರಲ್ಲ, ಹುಲ್ಲಿಲ್ಲದ ಕಡೆ ಬೆಂಕಿ ಓಡಲ್ಲ. ಆಮೇಲೆ ನೀವು ಬೆಂಕಿಕಡ್ಡಿ ಹಿಡಕೊಂಡು ನಿಂತರೂ ಪ್ರಯೋಜನ ಇಲ್ಲ. "ಹುಲ್ಲುಗಾವಲೇ ಇರಲ್ಲ ಅಕ್ಕ" ಅಂದಿದ್ದು ಇದಕ್ಕೆ.

ಹಾಗಾದ್ರೆ ಬೆಂಕಿ ಒಳ್ಳೇದು ಅಂತ ಇಲ್ಲಿಗೇ ಮುಗಿಸಿಬಿಡಬಹುದಾ? ಆಗಲ್ಲ. ಪ್ರತಿ ವರ್ಷ ಬೆಂಕಿ ಕೊಟ್ಟರೆ ಬಿಗ್ ಬ್ಲೂಸ್ಟೆಮ್ಮಿಗೆ ಹಬ್ಬ, ಸಣ್ಣ ಹೂಗಿಡಗಳಿಗೆ ಕಷ್ಟ. ಇದಕ್ಕೆ ಕಾರಣ ನೈಟ್ರೋಜನ್, ಕನ್ನಡದಲ್ಲಿ ಸಾರಜನಕ. ಒಣಹುಲ್ಲಲ್ಲಿ ಇರೋ ನೈಟ್ರೋಜನ್ ಬೆಂಕಿಯಲ್ಲಿ ಅನಿಲವಾಗಿ ಗಾಳಿಗೆ ಹೋಗುತ್ತೆ. ಬೂದಿಯಲ್ಲಿ ಉಳಿಯೋದು ಬೇರೆ ಲವಣಗಳು. ವರ್ಷವರ್ಷ ಸುಟ್ಟರೆ ಮಣ್ಣಲ್ಲಿ ಗಿಡಕ್ಕೆ ಸಿಗೋ ನೈಟ್ರೋಜನ್ ಕಮ್ಮಿಯಾಗ್ತಾ ಬರುತ್ತೆ. ಬಿಗ್ ಬ್ಲೂಸ್ಟೆಮ್ ಇದ್ಯಲ್ಲ, ಅದು ಕಡಿಮೆ ಸಂಬಳದಲ್ಲಿ ಮನೆ ನಡೆಸೋ ಜಾಣೆ. ಸ್ವಲ್ಪ ನೈಟ್ರೋಜನ್ ಸಿಕ್ಕರೂ ಜಾಸ್ತಿ ಬೆಳೆಯುತ್ತೆ. ಉಳಿದವಕ್ಕೆ ಅದು ಬರಲ್ಲ.

ಇಲ್ಲಿಗೆ ಬಂದಾಗ ನಾನು ಥಟ್ ಅಂತ ಒಂದು ಪರಿಹಾರ ಹುಡುಕಿದ್ದೆ. ನೀವೂ ಹುಡುಕಿರ್ತೀರಿ. ನೈಟ್ರೋಜನ್ ಕಮ್ಮಿ ಆಗಿದ್ರೆ ಹಾಕಿದ್ರಾಯ್ತು! ಯೂರಿಯಾ ಎರಚಿದ್ರೆ ಎಲ್ಲಾ ಗಿಡಕ್ಕೂ ಸಿಗುತ್ತಲ್ಲ?

ಕೋನ್ಜಾದವರು ಇದನ್ನೂ ಮಾಡಿ ನೋಡಿದಾರೆ. 1998ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಇದು ಬಂತು. ಸ್ಕಾಟ್ ಕಾಲಿನ್ಸ್, ಅಲನ್ ನ್ಯಾಪ್ ಮತ್ತು ಅವರ ಜೊತೆಗಾರರು ಬರೆದದ್ದು. ಕೆಲವು ತುಂಡು ಜಾಗಗಳಿಗೆ ಪ್ರತಿ ವರ್ಷ ಬೆಂಕಿ, ಕೆಲವಕ್ಕೆ ನೈಟ್ರೋಜನ್ ಗೊಬ್ಬರ, ಕೆಲವಕ್ಕೆ ಎರಡೂ. ಗೊಬ್ಬರ ಚದರ ಮೀಟರಿಗೆ 10 ಗ್ರಾಂ ನೈಟ್ರೋಜನ್ ಲೆಕ್ಕ. ನಮ್ಮ ರೈತರ ಭಾಷೆಯಲ್ಲಿ ಹೇಳಿದರೆ ಎಕರೆಗೆ ಹತ್ತತ್ರ ಎರಡು ಮೂಟೆ ಯೂರಿಯಾ. ಗಿಡಗಳ ವೈವಿಧ್ಯ ಹೆಚ್ಚಾಯ್ತಾ? ಇಲ್ಲ. ಬೆಂಕಿ ಒಂದೇ ಇದ್ದರೂ ಕಮ್ಮಿ, ಗೊಬ್ಬರ ಒಂದೇ ಇದ್ದರೂ ಕಮ್ಮಿ, ಎರಡೂ ಸೇರಿದರೂ ಕಮ್ಮಿ.

ವಿಚಿತ್ರ ಅಲ್ವಾ? ಬೆಂಕಿ ನೈಟ್ರೋಜನ್ ಕಳೆಯುತ್ತೆ, ಗೊಬ್ಬರ ನೈಟ್ರೋಜನ್ ಕೂಡಿಸುತ್ತೆ. ಕಳೆದರೂ ನಷ್ಟ, ಕೂಡಿದರೂ ನಷ್ಟ. ಇದು ಹೇಗೆ ಅಂತ ನಾನು ತುಂಬಾ ದಿನ ತಲೆ ಕೆಡಿಸ್ಕೊಂಡಿದ್ದೆ.

ಉತ್ತರ ಮಣ್ಣಲ್ಲಿ ಮಾತ್ರ ಇಲ್ಲ, ಮೇಲೂ ಇದೆ. ಬೆಳಕಲ್ಲಿ. ನೈಟ್ರೋಜನ್ ಸಿಕ್ಕ ತಕ್ಷಣ ಎತ್ತರಕ್ಕೆ ಬೆಳೆಯೋ ತಾಕತ್ತಿರೋ ಹುಲ್ಲು ಇನ್ನೂ ಎತ್ತರ, ಇನ್ನೂ ದಟ್ಟ ಆಗುತ್ತೆ. ಗಿಡ್ಡ ಗಿಡಕ್ಕೂ ಗೊಬ್ಬರ ಸಿಕ್ಕಿರುತ್ತೆ, ಆದರೆ ಅದರ ತಲೆ ಮೇಲೆ ನೆರಳು. ಪ್ಲೇಟ್ ತುಂಬಾ ಊಟ ಬಡಿಸಿ ಲೈಟ್ ಆಫ್ ಮಾಡಿದ ಹಾಗೆ. ಗಿಡಕ್ಕೆ ಬೆಳಕಿಲ್ಲದೆ ಉಣ್ಣೋಕೆ ಬರಲ್ಲ. ಇದು ಬರೀ ಊಹೆ ಅಲ್ಲ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಯಾನ್ ಓಟಿಯೇ ಅನ್ನೋ ವಿಜ್ಞಾನಿ ಮತ್ತು ಸಂಗಡಿಗರು ಗಾಜಿನ ಮನೆಯಲ್ಲಿ ಹುಲ್ಲುಗಾವಲಿನ ಗಿಡ ಬೆಳೆಸಿ, ಗೊಬ್ಬರ ಹಾಕಿ, ಎತ್ತರದ ಹುಲ್ಲಿನ ಬುಡದಲ್ಲಿ ದೀಪ ಹೊತ್ತಿಸಿದರು. ಕೆಳಗೆ ಬೆಳಕು ಸಿಕ್ಕಿದ್ದೇ ತಡ, ಗೊಬ್ಬರ ಹಾಕಿದ್ದರೂ ಸಣ್ಣ ಗಿಡಗಳು ಉಳಿದವು. 2009ರಲ್ಲಿ ಪ್ರಕಟವಾಯ್ತು. ನನಗೆ ಈ ಪ್ರಯೋಗ ತುಂಬಾ ಇಷ್ಟ. ಹುಲ್ಲಿನ ಬುಡಕ್ಕೆ ದೀಪ ಇಡೋಣ ಅಂತ ಮೊದಲು ಹೊಳೆದವರ ತಲೆ ನೋಡಿ!

ಇನ್ನೊಂದು ಗುಂಪಿಗೆ ನೈಟ್ರೋಜನ್ ಬೇರೆ ಥರ ಹೊಡೆತ ಕೊಡುತ್ತೆ. ಬೇಳೆಕಾಳಿನ ಜಾತಿಯ ಗಿಡಗಳು. ಹುರುಳಿನೋ ಅಲಸಂದೆನೋ ಕಿತ್ತಾಗ ಬೇರಲ್ಲಿ ಸಣ್ಣ ಸಣ್ಣ ಗಂಟು ನೋಡಿರ್ತೀರಿ. ಆ ಗಂಟಿನ ಒಳಗಿರೋ ಬ್ಯಾಕ್ಟೀರಿಯಾ ಗಾಳಿಯ ನೈಟ್ರೋಜನ್ ಹಿಡಿದು ಗಿಡಕ್ಕೆ ಕೊಡುತ್ತೆ. ಬದಲಿಗೆ ಗಿಡ ಅದಕ್ಕೆ ಸಕ್ಕರೆ ಕೊಡಬೇಕು. ಪ್ರೇರಿಯಲ್ಲೂ ಲೆಡ್‌ಪ್ಲಾಂಟ್ ಅಂತ ನೇರಳೆ ಹೂವಿನ ಇಂಥ ಗಿಡ ಇದೆ. ಬಡ ಮಣ್ಣಲ್ಲಿ ಇಂಥವಕ್ಕೆ ಇದೇ ದೊಡ್ಡ ಬಲ. ಎಲ್ಲರಿಗೂ ಪುಕ್ಕಟೆ ನೈಟ್ರೋಜನ್ ಹಂಚಿದಾಗ ಇವು ಸ್ವಂತ ಸಂಪಾದನೆಗೆ ಪಟ್ಟ ಕಷ್ಟಕ್ಕೆ ಬೆಲೆ ಇಲ್ಲ.

ಈಗ ನೀವು ಕೇಳಬಹುದು: ಕಾಡು ಹುಲ್ಲಿಗೆ ಯಾರು ಯೂರಿಯಾ ಹಾಕ್ತಾರೆ, ತಲೆ ಕೆಟ್ಟಿದೆಯಾ ಅಂತ. ಬೇಕು ಅಂತ ಯಾರೂ ಹಾಕಲ್ಲ. ಆದರೆ ಬೀಳ್ತಾ ಇದೆ. ಹೊಲಕ್ಕೆ ಹಾಕಿದ ಯೂರಿಯಾದಲ್ಲಿ ಒಂದು ಪಾಲು ಅಮೋನಿಯಾ ಆಗಿ ಹಾರುತ್ತೆ. ದನ, ಹಂದಿ, ಕೋಳಿ ಫಾರಂಗಳ ಗೊಬ್ಬರದಿಂದಲೂ ಅಮೋನಿಯಾ. ಗಾಡಿಗಳ ಹೊಗೆಯಿಂದ, ಕಲ್ಲಿದ್ದಲು ಸ್ಥಾವರಗಳಿಂದ ನೈಟ್ರೋಜನ್ ಆಕ್ಸೈಡು. ಇದೆಲ್ಲ ಗಾಳಿಯಲ್ಲಿ ತಿರುಗಿ, ಮಳೆಯಲ್ಲೋ ಧೂಳಲ್ಲೋ ಎಲ್ಲೋ ಇಳಿಯುತ್ತೆ. ಎಲ್ಲಿ ಇಳಿಯುತ್ತೋ ಅಲ್ಲಿ ಅದು ಗೊಬ್ಬರ. ನೆದರ್‌ಲ್ಯಾಂಡ್ಸ್‌ನಲ್ಲಿ ಇದು ಕೋರ್ಟಿಗೆ ಹೋಗಿ 2019ರಲ್ಲಿ ಬಂದ ತೀರ್ಪಿನಿಂದ ಸಾವಿರಾರು ಕಟ್ಟಡ, ರಸ್ತೆ, ಫಾರಂ ಯೋಜನೆಗಳು ನಿಂತವು. ರೈತರು ಟ್ರ್ಯಾಕ್ಟರ್ ತಗೊಂಡು ಹೈವೇಗೆ ಇಳಿದ ವಿಡಿಯೋಗಳನ್ನ ನೋಡಿರ್ತೀರಿ. ಆ ಜಗಳದ ಬುಡದಲ್ಲಿ ಇದ್ದದ್ದೂ ಇದೇ: ಗಾಳಿಯಿಂದ ಇಳಿಯೋ ನೈಟ್ರೋಜನ್ನು ಸಂರಕ್ಷಿತ ಬಯಲುಗಳ ಗಿಡಗಳನ್ನ ಏನು ಮಾಡ್ತಿದೆ ಅನ್ನೋದು.

ಇಷ್ಟು ಸ್ವಲ್ಪ ಬಿದ್ದರೆ ಏನಾಗುತ್ತೆ? ಕೋನ್ಜಾದಿಂದ ಉತ್ತರಕ್ಕೆ ಹೋದರೆ ಮಿನ್ನೆಸೋಟ ರಾಜ್ಯ. ಅಲ್ಲಿ ಸೀಡರ್ ಕ್ರೀಕ್ ಅನ್ನೋ ಜಾಗದಲ್ಲಿ ಡೇವಿಡ್ ಟಿಲ್‌ಮನ್ 1982ರಲ್ಲಿ ಬೇರೆ ಬೇರೆ ಪ್ರಮಾಣದಲ್ಲಿ ನೈಟ್ರೋಜನ್ ಹಾಕಿ ನೋಡೋಕೆ ಶುರು ಮಾಡಿದರು. ವರ್ಷಕ್ಕೆ ಹೆಕ್ಟೇರಿಗೆ ಬರೀ 10 ಕೆಜಿ ನೈಟ್ರೋಜನ್ ಹಾಕಿದ ಜಾಗದಲ್ಲೂ, ಏನೂ ಹಾಕದ ಜಾಗಕ್ಕಿಂತ ಗಿಡಗಳ ಜಾತಿ ಶೇ. 17ರಷ್ಟು ಕಮ್ಮಿ ಆಯ್ತು. ಇದನ್ನ ಕ್ರಿಸ್ ಕ್ಲಾರ್ಕ್ ಮತ್ತು ಟಿಲ್‌ಮನ್ 2008ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದರು. 10 ಕೆಜಿ ಅಂದ್ರೆ ಎಷ್ಟು? ಯೂರಿಯಾದಲ್ಲಿ ಶೇ. 46 ನೈಟ್ರೋಜನ್. ಲೆಕ್ಕ ಹಾಕಿ: ಒಂದು ಎಕರೆಗೆ ಒಂಬತ್ತು ಕೆಜಿ ಯೂರಿಯಾನೂ ಬೇಡ. ನಮ್ಮ ಅಪ್ಪನ ಹತ್ರ ಹೇಳಿದೆ, "ಅಷ್ಟು ಯೂರಿಯಾ ಮೂಟೆ ತೂತಾದ್ರೇ ಹೋಗುತ್ತಲ್ಲಮ್ಮ" ಅಂದ್ರು.

ತಪ್ಪು ತಿಳ್ಕೋಬೇಡಿ, ನಾನು ಯೂರಿಯಾ ವಿರುದ್ಧ ಭಾಷಣ ಮಾಡ್ತಿಲ್ಲ. ಯೂರಿಯಾ ಇಲ್ಲದಿದ್ದರೆ ನಮ್ಮ ಮನೆ ಭತ್ತ ಅಷ್ಟು ಬರ್ತಿರಲಿಲ್ಲ, ನನ್ನ ಕಾಲೇಜು ಫೀಸೂ ಕಟ್ಟೋಕೆ ಆಗ್ತಿರಲಿಲ್ಲ. ಗದ್ದೆಯಲ್ಲಿ ನಮಗೆ ಬೇಕಿರೋದೇ ಒಂದು ಗಿಡ, ಉಳಿದದ್ದೆಲ್ಲ ಕಳೆ. ಹುಲ್ಲುಗಾವಲಲ್ಲಿ ಹಾಗಲ್ಲ. ಅಲ್ಲಿ ಒಂದೇ ಗಿಡ ಗೆದ್ದರೆ ಉಳಿದವೆಲ್ಲ ಸೋತ ಹಾಗೆ.

ಇದರ ಕೊನೆ ಎಲ್ಲಿಗೆ ಹೋಗುತ್ತೆ ಅಂತ ನೋಡಬೇಕಾದರೆ ಇಂಗ್ಲೆಂಡಿನ ರಾಥಮ್‌ಸ್ಟೆಡ್‌ಗೆ ಹೋಗಬೇಕು. ಅಲ್ಲಿ 1856ರಲ್ಲಿ ಒಂದು ಹುಲ್ಲಿನ ಬಯಲನ್ನ ತುಂಡು ಮಾಡಿ ಬೇರೆ ಬೇರೆ ಗೊಬ್ಬರ ಹಾಕೋಕೆ ಶುರು ಮಾಡಿದರು. ನಮ್ಮಲ್ಲಿ ಸಿಪಾಯಿ ದಂಗೆ ಆಗೋದಕ್ಕೆ ಒಂದು ವರ್ಷ ಮುಂಚೆ. ಆ ಪ್ರಯೋಗ ಇವತ್ತಿಗೂ ನಡೀತಿದೆ. ಏನೂ ಹಾಕದ ತುಂಡಲ್ಲಿ ಈಗಲೂ ಹತ್ತಾರು ಜಾತಿ ಗಿಡ, ಹೂವು. ಸುಣ್ಣ ಕೊಡದೆ ಅಮೋನಿಯಂ ಸಲ್ಫೇಟ್ ಜಾಸ್ತಿ ಹಾಕ್ತಾ ಬಂದ ತುಂಡಲ್ಲಿ ಮಣ್ಣು ಹುಳಿಯಾಗಿ ಎರಡು ಮೂರು ಜಾತಿ ಹುಲ್ಲು ಮಾತ್ರ. ದೂರದಿಂದ ನೋಡಿದರೆ ಅದು ಹಸಿರಾಗೇ ಇರುತ್ತೆ. ಡ್ರೋನ್ ಶಾಟ್ ತೆಗೆದರೆ ರೀಲ್ಸಿಗೆ ಅದೇ ಚೆಂದ ಕಾಣಬಹುದು!

ಸರಿ, ಹಾಕೋದು ನಿಲ್ಲಿಸಿದರೆ ವಾಪಸ್ ಬರುತ್ತಾ? ಸೀಡರ್ ಕ್ರೀಕಿನಲ್ಲಿ ಹತ್ತು ವರ್ಷ ಹಾಕಿ ನಿಲ್ಲಿಸಿದ ಜಾಗಗಳೂ ಇದ್ದವು. ಜಾಸ್ತಿ ಹಾಕಿದ್ದ ಕಡೆ ನಿಲ್ಲಿಸಿ 20 ವರ್ಷ ಆದಮೇಲೂ ಮೊದಲಿನ ಹಾಗೆ ಆಗಲಿಲ್ಲ. ಬೆಂಕಿ ಕೊಟ್ಟು ಆ ನೈಟ್ರೋಜನ್ ಸುಟ್ಟುಬಿಡೋಣ ಅಂದ್ರೆ, ಬೆಂಕಿಗೆ ಸಿಗೋದು ಮೇಲಿನ ಹುಲ್ಲಲ್ಲಿ ಇರೋದು ಮಾತ್ರ. ದೊಡ್ಡ ಪಾಲು ಮಣ್ಣೊಳಗೆ ಕೂತಿರುತ್ತೆ. ಜೊತೆಗೆ, ಹೋದ ಗಿಡ ವಾಪಸ್ ಬರೋಕೆ ಅದರ ಬೀಜ ಎಲ್ಲಿಂದಲಾದರೂ ಬರಬೇಕಲ್ಲ.

ಹಾಗಾದ್ರೆ ಕೋನ್ಜಾದಲ್ಲಿ ಏನೂ ದಾರಿನೇ ಸಿಗಲಿಲ್ವಾ? ಸಿಕ್ತು. ಅದೇ 1998ರ ಪ್ರಯೋಗದಲ್ಲಿ ಒಂದು ವಿಷಯ ನಾನು ಬೇಕು ಅಂತಲೇ ಹೇಳಿರಲಿಲ್ಲ. ಕೆಲವು ತುಂಡುಗಳಲ್ಲಿ ಅವರು ಹುಲ್ಲು ಕತ್ತರಿಸ್ತಾ ಇದ್ದರು. ಬೆಂಕಿನೂ ಇದೆ, ಗೊಬ್ಬರನೂ ಇದೆ, ಆದರೆ ಮೇಲಿನ ಹುಲ್ಲು ಕತ್ತರಿಸಿದಾರೆ. ಅಲ್ಲಿ ವೈವಿಧ್ಯ ಉಳೀತು! ಮತ್ತೆ ಅದೇ ಬೆಳಕಿನ ಕಥೆ.

8,600 ಎಕರೆ ಹುಲ್ಲನ್ನ ಯಾರು ಕತ್ತರಿಸ್ತಾರೆ? ಬೈಸನ್. ನಮ್ಮ ಕಡೆ ಬೈಸನ್ ಅಂತ ಕರೆಯೋ ಕಾಟಿ ಅಲ್ಲ, ಇದು ಅಮೆರಿಕದ್ದು, ಮೈತುಂಬ ಕೂದಲು, ದೊಡ್ಡ ಭುಜ. ಕೋನ್ಜಾಕ್ಕೆ 1987ರಲ್ಲಿ ಬೈಸನ್ ತಂದು ಬಿಟ್ಟರು. ಅದಕ್ಕೆ ಹುಲ್ಲೇ ಇಷ್ಟ, ಹೂಗಿಡಗಳನ್ನ ಹೆಚ್ಚಾಗಿ ಮುಟ್ಟಲ್ಲ. ಎತ್ತರದ ಹುಲ್ಲು ತಿಂದು ತಗ್ಗಿಸುತ್ತೆ, ಕೆಳಗೆ ಬೆಳಕು ಇಳಿಯುತ್ತೆ. ನೆಲದಲ್ಲಿ ಹೊರಳಾಡಿ ಗುಂಡಿ ಮಾಡುತ್ತೆ, ಅಲ್ಲೂ ಬೇರೆ ಗಿಡ ಹುಟ್ಟುತ್ತೆ. ಸುಮಾರು 30 ವರ್ಷದ ಲೆಕ್ಕ 2022ರಲ್ಲಿ ಬಂತು: ಏನೂ ಮೇಯದ ಜಾಗಕ್ಕಿಂತ ಬೈಸನ್ ಇದ್ದ ಕಡೆ ಸ್ಥಳೀಯ ಗಿಡಗಳ ಜಾತಿ ದುಪ್ಪಟ್ಟಿಗೂ ಸ್ವಲ್ಪ ಹೆಚ್ಚು. ದನ ಮೇಯ್ದ ಕಡೆಯೂ ಹೆಚ್ಚಾಗಿತ್ತು, ಆದರೆ ಶೇ. 41ರಷ್ಟು. ಮಧ್ಯದಲ್ಲಿ ಭಾರೀ ಬರ ಬಂದು ಹೋದರೂ ಬೈಸನ್ ಇದ್ದ ಕಡೆಯ ವೈವಿಧ್ಯ ಕುಸೀಲಿಲ್ಲ.

ಇಷ್ಟೆಲ್ಲ ಓದಿ ನಾನು ದೊಡ್ಡ ಪಂಡಿತೆ ಥರ ತಮ್ಮನಿಗೆ ಫೋನ್ ಮಾಡಿದೆ. "ಅಲ್ಲಯ್ಯಾ, ಪ್ರತಿ ವರ್ಷ ಯಾಕೆ ಸುಡಬೇಕು? ಎರಡು ಮೂರು ವರ್ಷಕ್ಕೊಮ್ಮೆ ಸುಟ್ಟರೆ ಪೊದೆನೂ ಬರಲ್ಲ, ಹೂವೂ ಉಳಿಯುತ್ತೆ, ನಿನ್ನ ಉಬ್ಬಸಕ್ಕೂ ಆರಾಮು" ಅಂದೆ.

ಅವನಿಗೆ ಅಲ್ಲಿನ ಒಬ್ಬ ದನ ಸಾಕೋ ಯಜಮಾನರ ಪರಿಚಯ ಇದೆ, ರಜೆಯಲ್ಲಿ ಅವರ ಬೇಲಿ ಕೆಲಸಕ್ಕೆ ಹೋಗ್ತಾನೆ. ಅವರ ಹತ್ರ ಇದನ್ನೇ ಕೇಳಿದನಂತೆ. ಅವರು ಹೇಳಿದ್ದು: ಸುಟ್ಟ ಗುಡ್ಡದ ಎಳೆ ಹುಲ್ಲಲ್ಲಿ ದನ ಬೇಗ ಮೈ ತುಂಬುತ್ತೆ. ತೂಕ ಬಂದರೆ ದುಡ್ಡು. ಒಂದು ವರ್ಷ ಸುಡದೆ ಬಿಟ್ಟರೆ ಆ ವರ್ಷದ ಬ್ಯಾಂಕ್ ಕಂತಿಗೆ ಏನು ಮಾಡೋದು? ಅವರಿಗೂ ಹೂವು ಬೇಡ ಅಂತಿಲ್ಲ. ಕೆಲವರು ಈಗ ಹೊಲವನ್ನ ಮೂರು ಪಾಲು ಮಾಡಿ ವರ್ಷಕ್ಕೊಂದು ಪಾಲು ಸುಡ್ತಾರಂತೆ. ದನ ತಾನಾಗೇ ಹೊಸದಾಗಿ ಸುಟ್ಟ ಕಡೆ ಹೋಗಿ ಮೇಯುತ್ತೆ, ಉಳಿದೆರಡಕ್ಕೆ ಬಿಡುವು ಸಿಗುತ್ತೆ. ಈ ಯಜಮಾನರು ಇನ್ನೂ ಮನಸ್ಸು ಮಾಡಿಲ್ಲ. ನನಗೂ ಫೋನಲ್ಲಿ ಬುದ್ಧಿ ಹೇಳೋದು ಸುಲಭ, ಕಂತು ಕಟ್ಟೋರು ಅವರು.

ಒಂದು ಮಾತು ಇಲ್ಲಿ ಜೋರಾಗಿ ಹೇಳ್ಬೇಕು. ಇದನ್ನ ಕೇಳಿ ಯಾರೂ ಮುಳ್ಳಯ್ಯನಗಿರಿ ಕಡೆ ಟ್ರೆಕ್ಕಿಂಗ್ ಹೋಗಿ ಹುಲ್ಲಿಗೆ ಕಡ್ಡಿ ಗೀರಬೇಡಿ. ಕಾಯ್ದಿಟ್ಟ ಅರಣ್ಯದಲ್ಲಿ ಬೆಂಕಿ ಹಚ್ಚೋದು ಅಪರಾಧ. ಅದಕ್ಕಿಂತ ಮುಖ್ಯ, ಕಾನ್ಸಾಸಿನ ಲೆಕ್ಕ ನಮ್ಮ ಘಟ್ಟಕ್ಕೆ ಕಾಪಿ ಪೇಸ್ಟ್ ಆಗಲ್ಲ. ನಮ್ಮ ಮಳೆ ಬೇರೆ, ಮಣ್ಣು ಬೇರೆ, ಹುಲ್ಲಿನ ಜಾತಿ ಬೇರೆ, ಪಕ್ಕದಲ್ಲೇ ಶೋಲಾ ಕಾಡಿದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಬೆಂಕಿ ಬಿದ್ದಾಗ ಸಾವಿರಾರು ಎಕರೆ ಸುಟ್ಟಿದ್ದು ನೆನಪಿರಬಹುದು. ಅಲ್ಲಿ ಲಂಟಾನ ಪೊದೆ ತುಂಬಿದ ಒಣ ಕಾಡು, ಇಲ್ಲಿ ನಾನು ಹೇಳಿದ್ದು ಕಾವಲು ನಿಂತು, ಗಾಳಿ ನೋಡಿ, ಹುಲ್ಲಿಗೆ ಕೊಡೋ ಬೆಂಕಿ. ಎರಡಕ್ಕೂ ಒಂದೇ ಹೆಸರು ಇರೋದೇ ತೊಂದರೆ.

ಮೊನ್ನೆ ಜೂನ್‌ನಲ್ಲಿ ತಮ್ಮನಿಗೆ ಒಂದು ಕೆಲಸ ಕೊಟ್ಟಿದ್ದೆ. ಯಜಮಾನರ ಗುಡ್ಡದಲ್ಲಿ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಜಾಗ ಗುರುತು ಮಾಡಿ, ಎಷ್ಟು ಥರದ ಎಲೆ ಇದೆ ಎಣಿಸು ಅಂತ. ಹೆಸರು ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಬೇರೆ ಬೇರೆ ಅಂತ ಗೊತ್ತಾದರೆ ಸಾಕು. ಪ್ರತಿ ವರ್ಷ ಸುಡೋ ಕಡೆ ಏಳು ಸಿಕ್ಕಿತು. ಬೇಲಿ ಆಚೆ, ಬೆಂಕಿಗೂ ಬಿಡುವಿದ್ದು ದನವೂ ಮೇಯ್ತಿದ್ದ ತುಂಡಲ್ಲಿ ಹತ್ತೊಂಬತ್ತು. ಒಂದೊಂದೇ ಜಾಗ, ಅದೂ ಇಂಜಿನಿಯರಿಂಗ್ ಹುಡುಗನ ಎಣಿಕೆ, ಇದನ್ನ ವಿಜ್ಞಾನ ಅಂತ ಯಾರೂ ಒಪ್ಪಲ್ಲ. ಆದರೆ ಬೇಲಿ ಮೇಲೆ ಒರಗಿ ನಿಂತಿದ್ದ ಯಜಮಾನರು ಅವನು ಎಣಿಸೋದನ್ನ ನೋಡ್ತಾ ಇದ್ದು, "ಇನ್ನೊಂದು ಸಲ ಎಣಿಸು" ಅಂದರಂತೆ. ಅವನು ಮತ್ತೆ ಎಣಿಸಿದ. ಈ ಸಲ ಇಪ್ಪತ್ತು.

ಮುಂದಿನ ಏಪ್ರಿಲ್‌ನಲ್ಲಿ ಅವರು ಏನು ಮಾಡ್ತಾರೋ, ವಿಡಿಯೋ ಬಂದ ತಕ್ಷಣ ಹೇಳ್ತೀನಿ. ಅಲ್ಲಿವರೆಗೆ ನಿಮ್ಮೂರಿನ ಗೋಮಾಳದಲ್ಲೋ ಕೆರೆ ಏರಿ ಮೇಲೋ ಒಂದು ಮೀಟರ್ ಜಾಗ ಎಣಿಸಿ, ಫೋಟೋ ತೆಗೆದು ನಮಗೆ ಕಳಿಸಿ. ಮುಂದಿನ ವಾರ ಸಿಗೋಣ.